ಶರೀರದಲ್ಲಿಲ್ಲದ ಬಣ್ಣ

ರೂಪನಗುಡಿಯ ನಮ್ಮ ದೊಡ್ಡಪ್ಪನ ಎಡಗೈಯಲ್ಲಿ ಇದ್ದುದು ನಾಲ್ಕೇ ಬೆರಳು. 1958ರಲ್ಲಿ ಜೋಳದ ಸೊಪ್ಪೆ ಕತ್ತರಿಸುವ ಯಂತ್ರಕ್ಕೆ ಹೆಬ್ಬೆರಳು ಹೋಯಿತು. ತುಂಡಾದುದನ್ನು ಒದ್ದೆ ಪಂಚೆಯಲ್ಲಿ ಸುತ್ತಿಕೊಂಡು, ಬಂಡಿ ಕಟ್ಟಿಸಿ ಬಳ್ಳಾರಿಗೆ ಒಯ್ದರಂತೆ. "ಎಲುಬು ಕೂಡಿಸಬಹುದು ಗೌಡ್ರೇ, ಚರ್ಮ ಹೊಲಿಯಬಹುದು. ಆದರೆ ರಕ್ತ ಹರಿಯುವ ದಾರಿ ನನ್ನ ಕಣ್ಣಿಗೆ ಕಾಣುವುದಿಲ್ಲ" ಎಂದರಂತೆ ಅಲ್ಲಿಯ ಡಾಕ್ಟರು. ದೊಡ್ಡಪ್ಪ ಇದನ್ನು ಕಥೆಯಂತೆ ಹೇಳುತ್ತಿದ್ದರೇ ಹೊರತು ದೂರಿನಂತಲ್ಲ. ಸಿಟ್ಟಿದ್ದುದು ನನಗೆ. ಓದಿ ತಿಳಿದ ಮೇಲೆ ಅದೂ ಇಳಿಯಿತು. ಆ ವರ್ಷ ಲೋಕದ ಯಾವ ಡಾಕ್ಟರರ ಕಣ್ಣಿಗೂ ಆ ದಾರಿ ಕಾಣುವಂತಿರಲಿಲ್ಲ.

ರಕ್ತನಾಳಗಳನ್ನು ಹೊಲಿದು ಕೂಡಿಸುವ ಬಗೆಯನ್ನು ಫ್ರಾನ್ಸಿನ ಅಲೆಕ್ಸಿ ಕ್ಯಾರೆಲ್ 1902ರಲ್ಲಿಯೇ ತೋರಿಸಿಕೊಟ್ಟಿದ್ದನು. ಆದರೆ ಬೆರಳಿನ ನಾಳದ ಅಗಲ ಸುಮಾರು ಒಂದು ಮಿಲಿಮೀಟರು. 1960ರಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ಜೇಕಬ್‌ಸನ್ ಮತ್ತು ಸುವಾರೆಜ್ ಎಂಬ ಇಬ್ಬರು ಸೂಕ್ಷ್ಮದರ್ಶಕದಡಿಯಲ್ಲಿ ಸಣ್ಣ ನಾಳಗಳನ್ನು ಕೂಡಿಸಿದರು. 1965ರಲ್ಲಿ ಜಪಾನಿನ ನಾರಾದಲ್ಲಿ ಕೊಮಾತ್ಸು ಮತ್ತು ತಮಾಯಿ ಪೂರ್ತಿ ತುಂಡಾದ ಹೆಬ್ಬೆರಳೊಂದನ್ನು ಮರಳಿ ಕೂಡಿಸಿದರು. ನಮ್ಮ ದೊಡ್ಡಪ್ಪ ಏಳು ವರ್ಷ ಅವಸರಪಟ್ಟರೆನ್ನಬೇಕು!

ಸೂಕ್ಷ್ಮದರ್ಶಕ ಬಂದೊಡನೆ ಎಲ್ಲವೂ ಕಂಡಿತೆಂದು ವಾಚಕರು ತಿಳಿಯಬಾರದು. ಕತ್ತರಿಸಿದ ನಾಳದೊಳಗಿನ ರಕ್ತವನ್ನು ತೊಳೆದರೆ ಉಳಿಯುವುದು ನೆನೆದ ಉಳ್ಳಾಗಡ್ಡಿಯ ಒಳಪೊರೆಯಂತಹ ವಸ್ತು. ಬೆಳಕು ಅದರ ಮೂಲಕ ಹಾಯುತ್ತದೆ. ಅಂಚುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬಾಯಿ ಎಲ್ಲಿ, ಗೋಡೆ ಎಲ್ಲಿ ಎಂಬುದು ತಿಳಿಯದು. ಸೂಜಿ ಈಚೆಯ ಗೋಡೆಯೊಡನೆ ಆಚೆಯದನ್ನೂ ಚುಚ್ಚಿತೆಂದರೆ ದಾರಿ ಮುಚ್ಚಿದಂತೆಯೇ. ರಕ್ತ ಅಲ್ಲಿಯೇ ಹೆಪ್ಪುಗಟ್ಟಿ ಬೆರಳು ಕಪ್ಪಾಗುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ ಬಲು ಸರಳ. ನಾಳದ ತುದಿಗೆ ಮೆಥಿಲೀನ್ ಬ್ಲೂ ಎಂಬ ನೀಲಿಯನ್ನು ತುಸುವೇ ಸೋಕಿಸುವುದು. ಕತ್ತರಿಸಿದ ಅಂಚು ಬಣ್ಣ ಹಿಡಿಯುತ್ತದೆ, ಬಾಯಿ ಕಾಣುತ್ತದೆ. ನಾಳದಡಿಯಲ್ಲಿ ನೀಲಿಯ ಅಥವಾ ಹಸಿರು ಬಣ್ಣದ ತೆಳು ಹಾಳೆಯನ್ನು ಹಾಸುವ ರೂಢಿಯೂ ಉಂಟು.

ನೀಲಿಯೇ ಏಕೆ? ಶರೀರದೊಳಗೆ ಕೆಂಪು, ಹಳದಿ, ಬಿಳುಪುಗಳದೇ ಸಾಮ್ರಾಜ್ಯ. ನೀಲಿಗೆ ಅಲ್ಲಿ ಠಾವಿಲ್ಲ. ಮುಂಗೈಯ ಮೇಲೆ ನೀಲಿಯಾಗಿ ತೋರುವ ನರದೊಳಗಿರುವುದೂ ಕಡುಗೆಂಪು ರಕ್ತವೇ. ಹೊರಗಿನಿಂದ ಬಂದ ಬಣ್ಣವಾದುದರಿಂದಲೇ ಅದು ಎದ್ದು ಕಾಣುತ್ತದೆ.

ಈ ನೀಲಿ ಹುಟ್ಟಿದ್ದು ಆಸ್ಪತ್ರೆಗಾಗಿ ಅಲ್ಲ, ಅರಿವೆಗಾಗಿ. 1876ರಲ್ಲಿ ಜರ್ಮನಿಯ ಬಿಎಎಸ್ಎಫ್ ಕಂಪನಿಯ ಹೈನ್ರಿಖ್ ಕಾರೋ ಇದನ್ನು ತಯಾರಿಸಿದನು. 1886ರಲ್ಲಿ ಪಾಲ್ ಎರ್ಲಿಖ್ ಇದನ್ನು ಜೀವಂತ ಪ್ರಾಣಿಗೆ ಚುಚ್ಚಿ, ನರತಂತುಗಳು ನೀಲಿಯಾಗುವುದನ್ನು ಕಂಡನು. ಅದೇ ನಾಡಿನ ಅಡಾಲ್ಫ್ ಫಾನ್ ಬಾಯರ್ 1871ರಲ್ಲಿ ಫ್ಲೋರೆಸೀನ್ ಎಂಬ ಹೊಳೆಯುವ ಬಣ್ಣವನ್ನು ಮಾಡಿದ್ದನು. ತೊಂಬತ್ತು ವರ್ಷಗಳ ಮೇಲೆ ಅದನ್ನು ರಕ್ತಕ್ಕೆ ಸೇರಿಸಿ ಕಣ್ಣಿನೊಳಗಿನ ನಾಳಗಳ ಫೋಟೋ ತೆಗೆದರು. ಬಾಯರನ ಇನ್ನೊಂದು ಸಾಧನೆ ನಮಗೆ ಹತ್ತಿರದ್ದು. 1880ರಲ್ಲಿ ಅವನು ಪ್ರಯೋಗಶಾಲೆಯಲ್ಲಿ ನೀಲಿ ಗಿಡದ ಬಣ್ಣವನ್ನೇ ಮಾಡಿದನು. 1897ರಲ್ಲಿ ಬಿಎಎಸ್ಎಫ್ ಅದನ್ನು ಮಾರುಕಟ್ಟೆಗೆ ಬಿಟ್ಟಿತು. ಹದಿನೈದಿಪ್ಪತ್ತು ವರ್ಷಗಳಲ್ಲಿ ಭಾರತದ ನೀಲಿ ಬೇಸಾಯ ನೆಲಕಚ್ಚಿತು. ಅದಕ್ಕಾಗಿ ರೈತರು ಕಣ್ಣೀರಿಟ್ಟರೆನ್ನಲು ನನ್ನ ಮನಸ್ಸು ಒಪ್ಪದು. 1917ರಲ್ಲಿ ಗಾಂಧೀಜಿ ಚಂಪಾರಣಕ್ಕೆ ಹೋದಾಗ ಅಲ್ಲಿಯ ರೈತರ ಗೋಳು ಬಲವಂತದ ನೀಲಿ ಬೆಳೆಯದೇ ಆಗಿತ್ತಲ್ಲವೇ?

ಈಗ ಇಂಡೊಸಯನೀನ್ ಗ್ರೀನ್ ಎಂಬುದೂ ಉಂಟು. ಫೋಟೋ ಸಾಮಗ್ರಿಯ ಕೊಡಾಕ್ ಕಂಪನಿಯಲ್ಲಿ ಹುಟ್ಟಿ, 1950ರ ದಶಕದಲ್ಲಿ ವೈದ್ಯರ ಕೈಸೇರಿದ ಹಸಿರು ಬಣ್ಣ ಇದು. ಇದನ್ನು ರಕ್ತಕ್ಕೆ ಚುಚ್ಚಿ ವಿಶೇಷ ಕ್ಯಾಮರಾ ಹಿಡಿದರೆ, ಹೊಲಿದ ನಾಳದಲ್ಲಿ ರಕ್ತ ಹರಿಯುತ್ತಿದೆಯೇ ಇಲ್ಲವೇ ಎಂಬುದು ಪರದೆಯ ಮೇಲೆ ಗೊತ್ತಾಗುತ್ತದೆ.

ಮೊನ್ನೆ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರ ಓಣಿಯಲ್ಲಿ ಹಾದುಬಂದೆ. ಒಬ್ಬ ಹುಡುಗ ಮಿಷನ್ನಿನ ಮುಂದೆ ಕುಳಿತು ಹೊಸ ಬಟ್ಟೆಯನ್ನು ಸೂಜಿಯಡಿಗೆ ನೂಕುತ್ತಿದ್ದನು. ಅವನ ಹತ್ತೂ ಬೆರಳ ತುದಿಗಳಿಗೆ ಬಾಯರನ ನೀಲಿ ಹತ್ತಿತ್ತು. ತೊಳೆದರೆ ಹೋಗುತ್ತದೆಯೇ ಎಂದೆ. "ಹೋಗಲ್ಲ ಅಜ್ಜಾರೇ, ಎಂಟು ದಿನ ಇರ್ತೈತಿ" ಎಂದು ನಕ್ಕನು.