ಗದ್ದದ ಕೆಳಗಿನ ಅಂಗುಲದಗಲ ಪಟ್ಟಿ

ಬೇಸಿಗೆಯ ಮಧ್ಯಾಹ್ನ ಮಟಮಾರಿಯಿಂದ ರಾಯಚೂರಿಗೆ ಬರುವ ದಾರಿಯಲ್ಲಿ ಹತ್ತು ನಿಮಿಷ ನಿಂತು ನೋಡಿದರೆ ಸಾಕು, ಹೆಲ್ಮೆಟ್ ಇಡಲು ಎಷ್ಟೆಲ್ಲ ಜಾಗಗಳಿವೆ ಎಂಬುದು ತಿಳಿಯುತ್ತದೆ. ಒಬ್ಬರದು ಗಾಡಿಯ ಕನ್ನಡಿಗೆ ನೇತುಬಿದ್ದಿರುತ್ತದೆ. ಇನ್ನೊಬ್ಬರದು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂಸಿನಂತೆ ಕುಳಿತಿರುತ್ತದೆ. ಮತ್ತೊಬ್ಬರು ಅದನ್ನು ಮೊಳಕೈಗೆ ಬಳೆಯಂತೆ ತೊಟ್ಟಿರುತ್ತಾರೆ. ತಲೆಯ ಮೇಲೆಯೇ ಇಟ್ಟುಕೊಂಡವರೂ ಇರುತ್ತಾರೆ. ಬಿಸಿಲ ಝಳಕ್ಕೆ ಒದ್ದೆ ಟವೆಲ್ ಸುತ್ತಿ, ಅದರ ಮೇಲೆ ಹೆಲ್ಮೆಟ್ ಕವುಚಿಕೊಂಡು ಬರುವವರು. ಅವರಲ್ಲಿ ಎಷ್ಟೋ ಜನರ ಗದ್ದದ ಪಟ್ಟಿ ಮಾತ್ರ ಎರಡೂ ಕಡೆ ಗಾಳಿಗೆ ಹಾರಾಡುತ್ತಿರುತ್ತದೆ.

ಪಟ್ಟಿ ಬಿಗಿಯದ ಹೆಲ್ಮೆಟ್ ಹೆಲ್ಮೆಟ್ಟೇ ಅಲ್ಲ. ಇದು ಉಪದೇಶದ ಮಾತಲ್ಲ, ಕಾನೂನಿನ ವ್ಯಾಖ್ಯೆ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ರಕ್ಷಣಾತ್ಮಕ ಶಿರಸ್ತ್ರಾಣ ಎಂದರೇನು ಎಂಬುದನ್ನು ಎರಡು ಮಾತುಗಳಲ್ಲಿ ಹೇಳುತ್ತದೆ. ಆಕಾರ, ವಸ್ತು ಮತ್ತು ರಚನೆಯಿಂದ ಅದು ಅಪಘಾತದಲ್ಲಿ ಒಂದಿಷ್ಟಾದರೂ ರಕ್ಷಣೆ ಕೊಡುವಂತಿರಬೇಕು ಎಂಬುದು ಮೊದಲನೆಯದು. ಪಟ್ಟಿಯಿಂದಲೋ ಬೇರೆ ಬಂಧದಿಂದಲೋ ತೊಟ್ಟವನ ತಲೆಗೆ ಭದ್ರವಾಗಿ ಬಿಗಿದಿರಬೇಕು ಎಂಬುದು ಎರಡನೆಯದು. ಎರಡರ ನಡುವೆ ಇರುವುದು ‘ಅಥವಾ’ ಅಲ್ಲ, ‘ಮತ್ತು’. 2019ರ ತಿದ್ದುಪಡಿಯಲ್ಲಿ ದಂಡ ಹೆಚ್ಚಿತು, ಮೂರು ತಿಂಗಳು ಲೈಸೆನ್ಸ್ ಕಳೆದುಕೊಳ್ಳುವ ಶಿಕ್ಷೆಯೂ ಸೇರಿತು. ವ್ಯಾಖ್ಯೆ ಮಾತ್ರ ಹಾಗೆಯೇ ಉಳಿಯಿತು. ರಸ್ತೆಯಲ್ಲಿ ನಿಂತು ತಪಾಸಣೆ ಮಾಡುವವರ ಕಣ್ಣು ಸಾಮಾನ್ಯವಾಗಿ ತಲೆಯ ತನಕ ಹೋಗುತ್ತದೆ, ಗದ್ದದ ತನಕ ಇಳಿಯುವುದು ಅಪರೂಪ.

ಇತಿಹಾಸ ಬರೆಯುವವರೂ ಇದಕ್ಕೆ ಹೊರತಲ್ಲ. ಶಿರಸ್ತ್ರಾಣದ ಚರಿತ್ರೆ ಎಂದರೆ ಅದರ ಚಿಪ್ಪಿನ ಚರಿತ್ರೆ. ಕಂಚು, ಕಬ್ಬಿಣ, ಉಕ್ಕು, ಕೊನೆಗೆ ಫೈಬರ್. ಪಟ್ಟಿಗೆ ಅದರಲ್ಲಿ ಒಂದು ಸಾಲು ಸಿಕ್ಕರೆ ಹೆಚ್ಚು.

ತಲೆ ಕಾಯುವ ವಿಷಯದಲ್ಲಿ ರಾಯಚೂರಿಗೆ ಒಂದು ಹಳೆಯ ಪಾಠವಿದೆ. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ಸೈನ್ಯವನ್ನು ಸೋಲಿಸಿ ರಾಯಚೂರು ಕೋಟೆ ಹಿಡಿದ ಕಥೆಯನ್ನು ಪೋರ್ಚುಗೀಸ್ ಪ್ರವಾಸಿ ನ್ಯೂನಿಜ್ ಬರೆದಿಟ್ಟಿದ್ದಾನೆ. ರಾಯನ ಕಡೆ ಕ್ರಿಸ್ಟೊವಾವೊ ಡ ಫಿಗರೆಡೊ ಎಂಬ ಪೋರ್ಚುಗೀಸನೂ ಅವನ ಕೋವಿಗಾರರೂ ಇದ್ದರು. ಕೋಟೆಯ ಗೋಡೆಯ ಮೇಲಿಂದ ಇಣುಕಿದವರನ್ನೆಲ್ಲ ಅವರು ಹೊಡೆದುರುಳಿಸಿದರು. ಏನಾಗುತ್ತಿದೆ ಎಂದು ನೋಡಲು ತೆನೆಯ ಮೇಲೆ ಬಾಗಿದ ಕೋಟೆಯ ಅಧಿಕಾರಿಯ ಹಣೆಯ ನಡುವೆಯೇ ಗುಂಡು ಬಿತ್ತು. ಆತ ಸತ್ತ ಮೇಲೆ ಕೋಟೆಯೊಳಗಿನವರು ಧೈರ್ಯಗೆಟ್ಟು ಶರಣಾದರು ಎನ್ನುತ್ತಾನೆ ನ್ಯೂನಿಜ್.

ಅದೇ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಡೊಮಿಂಗೊ ಪಾಯೆಸ್ ರಾಯನ ಸೈನ್ಯದ ಮೆರವಣಿಗೆಯನ್ನು ಕಂಡು ಸವಾರರ ತಲೆಯ ಕವಚವನ್ನು ವರ್ಣಿಸಿದ್ದಾನೆ. ಕುತ್ತಿಗೆಯನ್ನು ಮುಚ್ಚುವ ಅಂಚು, ಮುಖಕ್ಕೆ ಬೇರೆ ಮರೆ. ದಖ್ಖಣದ ಇಂಥ ಟೊಪ್ಪಿಗೆಗಳ ಅಂಚಿನಿಂದ ಕಬ್ಬಿಣದ ಬಳೆಗಳನ್ನು ಹೆಣೆದ ಜಾಲರಿ ಹೆಗಲ ತನಕ ಇಳಿಬೀಳುತ್ತಿತ್ತು. ಕತ್ತಿಯ ಏಟು ತಡೆಯುವುದು ಅದರ ಕೆಲಸ. ಆದರೆ ಸುತ್ತಲೂ ಕೆಳಕ್ಕೆ ಜಗ್ಗುವ ಆ ಭಾರವೇ ಓಡುವ ಕುದುರೆಯ ಮೇಲೆ ಟೊಪ್ಪಿಗೆ ಅತ್ತಿತ್ತ ಸರಿಯದಂತೆಯೂ ಹಿಡಿದಿರಬೇಕು.

ರೋಮನ್ ಸೈನಿಕರದು ಇನ್ನೂ ಚುರುಕಾದ ಏರ್ಪಾಡು. ಹಿಂದಿನ ಕತ್ತಿನ ತಗಡಿನಿಂದ ಹೊರಟ ತೊಗಲಿನ ದಾರ ಗದ್ದದ ಕೆಳಗೆ ಹಾದು ಎರಡೂ ಕೆನ್ನೆಯ ತಗಡುಗಳನ್ನು ಸೇರಿಸಿ ಗಂಟಾಗುತ್ತಿತ್ತು. ಎರಡು ಸಾವಿರ ವರ್ಷಗಳ ನಂತರ ಇಂಜಿನಿಯರುಗಳು ಬಹುಮಟ್ಟಿಗೆ ಇದನ್ನೇ ಮತ್ತೆ ಕಂಡುಹಿಡಿದರು. ಕಾರಣ ಸರಳ. ಕಿವಿಯ ಬಳಿ ಆಚೆಗೊಂದು ಈಚೆಗೊಂದು ಎಂದು ಎರಡೇ ಕಡೆ ಕಟ್ಟಿದ ಟೊಪ್ಪಿಗೆ ಬಾವಿಯ ರಾಟೆ ಇದ್ದ ಹಾಗೆ. ಆ ಎರಡು ಬಿಂದುಗಳ ಮೇಲೆ ಅದು ಮುಂದಕ್ಕೂ ಹಿಂದಕ್ಕೂ ಉರುಳುತ್ತದೆ. ಮೇಲಕ್ಕೆ ಎಳೆದರೆ ಬಾರದ ಹೆಲ್ಮೆಟ್ ಹಿಂದಿನಿಂದ ತಳ್ಳಿದರೆ ಕಣ್ಣ ಮೇಲೆ ಉರುಳಿ ಕಳಚಿಕೊಳ್ಳುವುದು ಹೀಗೆ. ಕಿವಿಯ ಮುಂದೊಂದು ಹಿಂದೊಂದು ಎಳೆ ಇಳಿಸಿ ಗದ್ದದಡಿ ಕೂಡಿಸಿದರೆ, ಅಥವಾ ತಲೆಬುರುಡೆಯ ಹಿಂಭಾಗ ಕುತ್ತಿಗೆಯನ್ನು ಸೇರುವ ತಗ್ಗಿನಲ್ಲಿ ಇನ್ನೊಂದು ಪಟ್ಟಿ ಕೂರಿಸಿದರೆ, ಈ ಉರುಳಾಟ ನಿಲ್ಲುತ್ತದೆ.

ಪಟ್ಟಿಗೆ ಹೆದರುವ ಚಾಳಿಯೂ ಹೊಸದಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ 1941ರಿಂದ ಹೊಸ ಉಕ್ಕಿನ ಟೊಪ್ಪಿಗೆ ಬಂತು. ಅದರ ಪಟ್ಟಿಯನ್ನು ಬಹಳ ಮಂದಿ ಗದ್ದಕ್ಕೆ ಕಟ್ಟದೆ ಟೊಪ್ಪಿಗೆಯ ಹಿಂಭಾಗಕ್ಕೆ ಸಿಕ್ಕಿಸಿಬಿಡುತ್ತಿದ್ದರು. ಹತ್ತಿರದಲ್ಲಿ ಬಾಂಬು ಸಿಡಿದರೆ ಅದರ ಒತ್ತಡ ಟೊಪ್ಪಿಗೆಯೊಳಗೆ ನುಗ್ಗಿ, ಪಟ್ಟಿ ಗಂಟಲನ್ನು ಹಿಡಿದು ಕತ್ತು ಮುರಿಯುತ್ತದೆ ಎಂಬ ಅಂಜಿಕೆ. ಸೈನ್ಯ ಸೈನಿಕರನ್ನು ಗದರಿಸುವುದರ ಬದಲು ಪಟ್ಟಿಯನ್ನೇ ಬದಲಿಸಿತು. ಗುಂಡಿಯಂಥ ಒಂದು ಸಣ್ಣ ಕೊಂಡಿ, ಸುಮಾರು 15 ಪೌಂಡ್ ಎಳೆತ ಬಿದ್ದೊಡನೆ ತಾನಾಗಿ ಕಳಚಿಕೊಳ್ಳುವಂಥದು, ಯುದ್ಧ ಮುಗಿಯುವ ಹೊತ್ತಿಗೆ ಬಳಕೆಗೆ ಬಂತು. ಜನ ಯಾಕೆ ಕಟ್ಟಿಕೊಳ್ಳುವುದಿಲ್ಲ ಎಂದು ಕೇಳಿ, ಅದಕ್ಕೆ ವಿನ್ಯಾಸದಲ್ಲೇ ಉತ್ತರ ಹುಡುಕಿದ್ದು ಇಲ್ಲಿನ ಮೆಚ್ಚತಕ್ಕ ಸಂಗತಿ.

ಮೋಟಾರ್ ಸೈಕಲ್ಲಿನ ಹೆಲ್ಮೆಟ್ಟಿಗೆ ಇದು ಒಗ್ಗುವ ಉತ್ತರವಲ್ಲ. ಆ ಕಥೆ ಶುರುವಾಗುವುದು 1935ರ ಮೇ ತಿಂಗಳಲ್ಲಿ. ‘ಅರೇಬಿಯಾದ ಲಾರೆನ್ಸ್’ ಎಂದು ಹೆಸರಾದ ಟಿ.ಇ. ಲಾರೆನ್ಸ್ ಇಂಗ್ಲೆಂಡಿನಲ್ಲಿ ಮೋಟಾರ್ ಸೈಕಲ್ಲಿನಿಂದ ಬಿದ್ದು ಆರು ದಿನ ಪ್ರಜ್ಞೆ ಇಲ್ಲದೆ ಮಲಗಿ ತೀರಿಕೊಂಡ. ತಲೆಯ ಮೇಲೆ ಏನೂ ಇರಲಿಲ್ಲ. ಚಿಕಿತ್ಸೆ ಮಾಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರತಜ್ಞನೂ ಇದ್ದ. ಆ ಸಾವು ಅವನನ್ನು ಬಿಡಲಿಲ್ಲ. ಸೈನ್ಯದ ಸವಾರರ ತಲೆಯ ಗಾಯಗಳನ್ನು ವರ್ಷಗಟ್ಟಲೆ ಅಭ್ಯಸಿಸಿ 1941ರಲ್ಲಿ ಲೇಖನ ಪ್ರಕಟಿಸಿದ. ಅದೇ ವರ್ಷದ ನವೆಂಬರಿನಲ್ಲಿ ಬ್ರಿಟಿಷ್ ಸೈನ್ಯ ತನ್ನ ಮೋಟಾರ್ ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು.

ಅಮೆರಿಕದಲ್ಲಿ ಕಾರು ಪಂದ್ಯದ ಪೀಟ್ ಸ್ನೆಲ್ 1956ರಲ್ಲಿ, ಹೆಲ್ಮೆಟ್ ತೊಟ್ಟಿದ್ದೂ ತಲೆಗೆ ಪೆಟ್ಟು ಬಿದ್ದು ಸತ್ತಾಗ ಅವನ ಗೆಳೆಯರು ಮರುವರ್ಷವೇ ಅವನ ಹೆಸರಿನಲ್ಲಿ ಪರೀಕ್ಷಾ ಸಂಸ್ಥೆ ಕಟ್ಟಿದರು. ಪಂದ್ಯದವರು ಇಂದಿಗೂ ನಂಬುವ ಬಂಧ ಎರಡು ಉಂಗುರಗಳದು. ಇಂಗ್ಲಿಷಿನ ‘ಡಿ’ ಅಕ್ಷರದ ಆಕಾರದ ಎರಡು ಉಕ್ಕಿನ ಉಂಗುರಗಳ ಮೂಲಕ ಪಟ್ಟಿಯ ತುದಿಯನ್ನು ತೂರಿಸಿ, ಮೇಲಿನ ಉಂಗುರವನ್ನು ಸುತ್ತಿ ಕೆಳಗಿನದರಿಂದ ಹಿಂದಕ್ಕೆ ಎಳೆಯುವುದು. ಎಷ್ಟು ಬಲವಾಗಿ ಜಗ್ಗಿದರೆ ಉಂಗುರಗಳು ಪಟ್ಟಿಯನ್ನು ಅಷ್ಟೇ ಬಲವಾಗಿ ಕಚ್ಚಿ ಹಿಡಿಯುತ್ತವೆ. ಅದರಲ್ಲಿ ಸ್ಪ್ರಿಂಗ್ ಇಲ್ಲ, ಹಲ್ಲಿಲ್ಲ, ಮುರಿಯುವ ಪ್ಲಾಸ್ಟಿಕ್ ಇಲ್ಲ. ಇನ್ನೂ ದೊಡ್ಡ ಗುಣವೆಂದರೆ, ಪ್ರತಿ ಸಲ ಕಟ್ಟಿದಾಗಲೂ ಅದು ಹೊಸದಾಗಿ ಅಳತೆ ತೆಗೆದುಕೊಳ್ಳುತ್ತದೆ.

ನಮ್ಮ ಪೇಟೆಯಲ್ಲಿ ಹೆಚ್ಚು ಬಿಕರಿಯಾಗುವುದು ಟಕ್ಕನೆ ಕೂರುವ ಬಕಲ್. ಒಂದು ಕೈಯಲ್ಲಿ ಹಾಕಬಹುದು, ತೆಗೆಯಬಹುದು. ಆದರೆ ಅದರಲ್ಲಿ ಕಟ್ಟುವ ಕೆಲಸವೂ ಅಳತೆಯ ಕೆಲಸವೂ ಬೇರೆ ಬೇರೆ. ಅಳತೆ ಸರಿಪಡಿಸುವ ಜಾರುಕೊಂಡಿ ಪಕ್ಕದಲ್ಲೆಲ್ಲೋ ಇರುತ್ತದೆ. ಅದು ಸಡಿಲಾಗಿ ಪಟ್ಟಿ ಜೋತುಬಿದ್ದಿದ್ದರೂ ಬಕಲ್ ಮಾತ್ರ ಟಕ್ ಎನ್ನುತ್ತದೆ, ಸವಾರ ನಿಶ್ಚಿಂತನಾಗುತ್ತಾನೆ. ಇವೆರಡರ ನಡುವಿನದು ಹಲ್ಲುಪಟ್ಟಿ. ಒಂದೊಂದೇ ಹಲ್ಲು ಮುಂದೆ ಸರಿಸಿ ಬಿಗಿ ಮಾಡಬಹುದು. ಹಾಗಾಗಿ ಪ್ರತಿದಿನದ ಸಣ್ಣ ವ್ಯತ್ಯಾಸವನ್ನು ಅದು ತುಂಬಿಕೊಳ್ಳುತ್ತದೆ.

ಯುರೋಪಿನ ದೇಶಗಳು ಒಪ್ಪಿಕೊಂಡ 22ನೇ ನಿಯಮದ ಪರೀಕ್ಷೆಯನ್ನು ನೋಡಿದರೆ ಪಟ್ಟಿಯಿಂದ ಏನನ್ನು ಬಯಸುತ್ತಾರೆ ಎಂಬುದು ಸ್ಪಷ್ಟವಾಗುತ್ತದೆ. ನಕಲಿ ತಲೆಗೆ ಹೆಲ್ಮೆಟ್ ತೊಡಿಸಿ, ಪಟ್ಟಿ ಬಿಗಿದು, 10 ಕಿಲೋ ತೂಕವನ್ನು 75 ಸೆಂಟಿಮೀಟರ್ ಎತ್ತರದಿಂದ ಜಾರಿಸಿ ಪಟ್ಟಿಯನ್ನು ಜಗ್ಗಿಸುತ್ತಾರೆ. ಆ ಕ್ಷಣದಲ್ಲಿ ಪಟ್ಟಿ 35 ಮಿಲಿಮೀಟರಿಗಿಂತ ಹೆಚ್ಚು ಹಿಗ್ಗಬಾರದು. ಇನ್ನೊಂದು ಪರೀಕ್ಷೆಯಲ್ಲಿ ಹೆಲ್ಮೆಟ್ಟಿನ ಹಿಂದಿನ ಅಂಚಿಗೆ ಕೊಕ್ಕೆ ಹಾಕಿ ಅದೇ ತೂಕವನ್ನು ಅರ್ಧ ಮೀಟರಿನಿಂದ ಬಿಡುತ್ತಾರೆ. ಟೊಪ್ಪಿಗೆ 30 ಡಿಗ್ರಿಗಿಂತ ಹೆಚ್ಚು ಮುಂದಕ್ಕೆ ಉರುಳಿದರೆ ಅದು ನಪಾಸು. ಗದ್ದವನ್ನು ಕೂರಿಸುವ ಬಟ್ಟಲಿನಂಥ ಚರ್ಮದ ತುಂಡು ಒಂದು ಕಾಲಕ್ಕೆ ಚೆಂದ ಎನ್ನಿಸಿಕೊಂಡಿತ್ತು. ಈ ನಿಯಮ ಅದನ್ನು ಒಪ್ಪುವುದೇ ಇಲ್ಲ. ಏಟಿಗೆ ಗದ್ದದ ತುದಿಯಿಂದ ಜಾರಿಹೋಗುವ ವಸ್ತು ಅದು. ಪಟ್ಟಿಯ ಜಾಗ ಗದ್ದದ ತುದಿಯಲ್ಲ, ದವಡೆಯ ಕೆಳಗೆ, ಗಂಟಲ ಹತ್ತಿರ. ಒತ್ತಿ ಬಿಡಿಸುವ ಗುಂಡಿ ಹಲವು ಹೆಲ್ಮೆಟ್ಟುಗಳಲ್ಲಿ ಕೆಂಪಗಿರುವುದೂ ಅಲಂಕಾರಕ್ಕಲ್ಲ. ಬಿದ್ದವನನ್ನು ಎತ್ತಲು ಬಂದ ಅಪರಿಚಿತನಿಗೆ ಎಲ್ಲಿ ಒತ್ತಬೇಕೆಂದು ತಿಳಿಯಲಿ ಎಂದು. ಭಾರತದ ಐಎಸ್ 4151 ಮಾನಕದಲ್ಲೂ ಪಟ್ಟಿಗೆ ಪರೀಕ್ಷೆ ಉಂಟು. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ದ್ವಿಚಕ್ರದ ಹೆಲ್ಮೆಟ್ ಮಾಡುವುದೂ ಮಾರುವುದೂ ಕಾನೂನುಬಾಹಿರ.

ಹೀಗೆ, ಎಂಥ ಏಟಿಗೂ ಬಿಡಬಾರದ ಪಟ್ಟಿ ರಸ್ತೆಯದು. ಅದೇ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಹಟ್ಟಿಗೆ ಹೋದರೆ ಲೆಕ್ಕ ತಲೆಕೆಳಗಾಗುತ್ತದೆ. ಹಟ್ಟಿ ಚಿನ್ನದ ಗಣಿಯ ಕಾರ್ಮಿಕ ತೊಡುವುದೂ ಹೆಲ್ಮೆಟ್ಟೇ. ಆದರೆ ಅವನು ತಲೆಗೆ ಬೀಳುವ ಕಲ್ಲಿನಿಂದಷ್ಟೇ ಅಲ್ಲ, ತನ್ನದೇ ಪಟ್ಟಿಯಿಂದಲೂ ಪಾರಾಗಬೇಕು. ತಗ್ಗಾದ ಸುರಂಗ, ಚಾಚಿಕೊಂಡ ಬೋಲ್ಟು, ಏಣಿ, ಚಲಿಸುವ ಯಂತ್ರ, ಇವುಗಳಲ್ಲಿ ಯಾವುದಕ್ಕಾದರೂ ಟೊಪ್ಪಿಗೆಯ ಅಂಚು ಸಿಕ್ಕಿಕೊಂಡರೆ, ಬಿಡದ ಪಟ್ಟಿ ಕುಣಿಕೆಯಾಗುತ್ತದೆ. ಇದಕ್ಕಾಗಿಯೇ ಕೈಗಾರಿಕಾ ಹೆಲ್ಮೆಟ್ಟಿನ ಯುರೋಪಿಯನ್ ಮಾನಕ ಪಟ್ಟಿಯ ಬುಡಕ್ಕೆ ಎರಡು ಗಡಿ ಹಾಕಿದೆ. ಸುಮಾರು 15 ಕಿಲೋ ಎಳೆತದ ತನಕ ಅದು ಬಿಡಬಾರದು, 25 ಕಿಲೋ ಮುಟ್ಟುವುದರೊಳಗೆ ಬಿಟ್ಟುಕೊಡಲೇಬೇಕು. ಬಂಡೆ ಏರುವವರ ಹೆಲ್ಮೆಟ್ ಮತ್ತೆ ಬೇರೆ. ಅವರು ಬೀಳುವಾಗ ಟೊಪ್ಪಿಗೆ ಹಾರಿಹೋಗಬಾರದಾದ್ದರಿಂದ ಆ ಪಟ್ಟಿ 50 ಕಿಲೋದಷ್ಟಾದರೂ ತಾಳಬೇಕು.

ಗಣಿಯವನಿಗೆ ಇನ್ನೊಂದು ತೊಡಕುಂಟು. ಅವನ ಹಣೆಯ ಮೇಲೆ ದೀಪವಿರುತ್ತದೆ, ಅದರ ಭಾರ ಟೊಪ್ಪಿಗೆಯನ್ನು ಸದಾ ಮುಂದಕ್ಕೆ ಜಗ್ಗುತ್ತದೆ. ಬಗ್ಗಿ ಕೊರೆಯುವಾಗ ಗದ್ದದ ಪಟ್ಟಿಯೊಂದೇ ಅದನ್ನು ತಡೆಯಬೇಕೆಂದರೆ ಉಸಿರು ಕಟ್ಟುವಷ್ಟು ಬಿಗಿಯಬೇಕಾದೀತು. ಒಳಗಿನ ತಲೆಪಟ್ಟಿಯನ್ನು ಹಿಂದಿನಿಂದ ತಿರುಗಿಸಿ ಬಿಗಿಮಾಡುವ ಗುಬ್ಬಿಯೊಂದು ಈ ಹೆಲ್ಮೆಟ್ಟುಗಳಲ್ಲಿ ಬಂದದ್ದು ಸುಮ್ಮನೆ ಅಲ್ಲ. ತಲೆಯ ಹಿಡಿತ ಅಲ್ಲಿ, ಗದ್ದದ್ದು ಕೇವಲ ಕಾವಲು.

ಮಕ್ಕಳ ವಿಷಯದಲ್ಲಿ ಈ ಎರಡು ತರ್ಕಗಳೂ ಒಂದೇ ದಿನದೊಳಗೆ ಎದುರುಬದುರಾಗುತ್ತವೆ. ಯುರೋಪಿನಲ್ಲಿ ಸೈಕಲ್ಲಿನಿಂದ ಇಳಿದ ಮಕ್ಕಳು ಹೆಲ್ಮೆಟ್ ತೆಗೆಯದೆ ಆಟದ ಏಣಿ ಹತ್ತಿ, ಕಂಬಿಗಳ ನಡುವೆ ಟೊಪ್ಪಿಗೆ ಸಿಕ್ಕಿ ಪಟ್ಟಿಗೆ ನೇತುಬಿದ್ದು ಸತ್ತ ಪ್ರಕರಣಗಳು ನಡೆದವು. ಆಮೇಲೆ ಎಳೆಯ ಮಕ್ಕಳಿಗಾಗಿ ಜಗ್ಗಿದರೆ ಕಳಚುವ ಪಟ್ಟಿಯ ಪ್ರತ್ಯೇಕ ಹೆಲ್ಮೆಟ್ ಬಂತು, ಗುರುತಿಗೆ ಹಸಿರು ಬಕಲ್. ನಮ್ಮಲ್ಲಿ 2023ರ ಫೆಬ್ರುವರಿಯಿಂದ, ದ್ವಿಚಕ್ರ ವಾಹನದ ಹಿಂದೆ ಕೂರುವ 9 ತಿಂಗಳಿಂದ 4 ವರ್ಷದ ಮಗುವಿಗೆ ತಲೆಗೆ ಸರಿಹೊಂದುವ ಹೆಲ್ಮೆಟ್ ಬೇಕು ಎಂಬ ನಿಯಮವಿದೆ. ಸೈಕಲ್ ಹೆಲ್ಮೆಟ್ ಆದರೂ ನಡೆಯುತ್ತದೆ. ಗಾಡಿಯಿಂದ ಇಳಿದೊಡನೆ ಅದನ್ನು ಬಿಚ್ಚಬೇಕು ಎಂಬುದನ್ನು ಮನೆಯವರಿಗೆ ಅಂಗಡಿಯಲ್ಲಿ ಹೇಳುವವರು ಕಡಿಮೆ.

ಕರ್ನಾಟಕದಲ್ಲಿ ಹಿಂಬದಿಯ ಸವಾರರಿಗೂ 2016ರ ಜನವರಿಯಿಂದ ಹೆಲ್ಮೆಟ್ ಕಡ್ಡಾಯ. ಹಾಗಾಗಿ ಮನೆಗೆ ಎರಡನೆಯ ಹೆಲ್ಮೆಟ್ ಬಂತು. ಅದನ್ನು ಬೆಳಿಗ್ಗೆ ಮಗ ತೊಡುತ್ತಾನೆ, ಮಧ್ಯಾಹ್ನ ತಾಯಿ ಸೆರಗಿನ ಮೇಲೆ ತೊಡುತ್ತಾಳೆ, ಸಂಜೆ ಪಕ್ಕದ ಮನೆಯವರು ಕೇಳಿ ಒಯ್ಯುತ್ತಾರೆ. ಮೂರು ತಲೆ, ಮೂರು ಅಳತೆ. ಇನ್ನು ಗಾಡಿ ಕೊಳ್ಳುವಾಗ ಕಂಪನಿ ಕೊಡಬೇಕಾದ ಮೊದಲ ಹೆಲ್ಮೆಟ್ಟಿನ ಜಾರುಕೊಂಡಿ ಅಂಗಡಿಯಿಂದ ಬಂದ ಜಾಗದಲ್ಲೇ ವರ್ಷಗಟ್ಟಲೆ ಕೂತಿರುತ್ತದೆ.

ಅದರ ಮೇಲೆ ಟವೆಲ್. ಚಳಿಗಾಲದಲ್ಲಿ ಬರಿ ತಲೆಗೆ ಸರಿ ಮಾಡಿಕೊಂಡ ಪಟ್ಟಿ, ಬೇಸಿಗೆಯಲ್ಲಿ ಎರಡು ಸುತ್ತು ಟವೆಲ್ ಬಂದೊಡನೆ ಗಿಡ್ಡವಾಗುತ್ತದೆ. ಹೆಲ್ಮೆಟ್ ಅಂಗುಲದಷ್ಟು ಮೇಲೆ ಕೂರುತ್ತದೆ, ಪಟ್ಟಿ ಗಂಟಲು ಒತ್ತುತ್ತದೆ, ಸವಾರ ಅದನ್ನು ಬಿಚ್ಚಿ ಬಿಡುತ್ತಾನೆ. ಪಟ್ಟಿಯನ್ನು ಉದ್ದ ಮಾಡಿಕೊಂಡರೆ ಸಂಜೆ ಟವೆಲ್ ತೆಗೆದಾಗ ಅದು ಜೋತಾಡುತ್ತದೆ. ಬೆವರಿಗೆ ನೈಲಾನ್ ಪಟ್ಟಿ ತುಸು ಹಿಗ್ಗುವುದೂ ಉಂಟು. ತೆಳುವಾದ ಹತ್ತಿಯ ಟೊಪ್ಪಿ ತೊಟ್ಟರೆ ಈ ಪೇಚು ಅರ್ಧ ತಪ್ಪುತ್ತದೆ, ಪ್ರತಿ ಸಲವೂ ಅಳತೆ ಕೇಳುವ ಎರಡು ಉಂಗುರದ ಬಂಧವಾದರೆ ಪೂರ್ತಿ. ಆದರೆ ಉಂಗುರಕ್ಕೆ ಎರಡೂ ಕೈ ಬೇಕು, ಅರ್ಧ ನಿಮಿಷ ಬೇಕು. ಸರಿಯಾಗಿದೆಯೇ ಎಂದು ನೋಡುವ ಬಗೆ ಸುಲಭ: ಪಟ್ಟಿ ಮತ್ತು ಗಂಟಲ ನಡುವೆ ಎರಡು ಬೆರಳು ಮಾತ್ರ ಹೋಗಬೇಕು. ಆಮೇಲೆ ತಲೆ ತಗ್ಗಿಸಿ, ಇನ್ನೊಬ್ಬರಿಂದ ಹೆಲ್ಮೆಟ್ಟಿನ ಹಿಂದಿನ ಅಂಚನ್ನು ಮೇಲಕ್ಕೆ ತಳ್ಳಿಸಿ ನೋಡಬೇಕು.