ಸಾಕುನಾಯಿಗಳಿಗೆ ಆರೋಗ್ಯಕರ ಆಹಾರದ ಆಯ್ಕೆ

ಪೀಠಿಕೆ

ಕಡೂರು ತಾಲ್ಲೂಕಿನ ದೇವನೂರು ಹಾಗೂ ಸುತ್ತಮುತ್ತಲಿನ ಗ್ರಾಮಗಳು ಚಿಕ್ಕಮಗಳೂರು ಜಿಲ್ಲೆಯ ಬಯಲುಸೀಮೆಗೆ ಸೇರಿವೆ. ರಾಗಿ, ತೆಂಗು ಬೆಳೆಯುವ ಹಾಗೂ ಕುರಿ-ಮೇಕೆ ಸಾಕುವ ಈ ಭಾಗದಲ್ಲಿ ಮನೆ, ತೋಟ ಮತ್ತು ಕುರಿಹಟ್ಟಿಯ ಕಾವಲಿಗೆ ನಾಯಿ ಸಾಕುವುದು ರೂಢಿ. ಮನೆಯಲ್ಲಿ ಉಳಿದ ಮುದ್ದೆ, ಅನ್ನ, ಸಾರು ಮತ್ತು ಹಬ್ಬದಲ್ಲಿ ಕುರಿ ಕೊಯ್ದಾಗ ಎಸೆಯುವ ಭಾಗಗಳೇ ಸಾಮಾನ್ಯವಾಗಿ ಅದರ ಆಹಾರ. ಇವುಗಳಲ್ಲಿ ಮುದ್ದೆ ಒಳ್ಳೆಯದಾದರೂ ಅದೊಂದೇ ಸಾಲದು. ಹಸಿ ಒಳಾಂಗಗಳು ನಾಯಿಯ ಮೂಲಕ ಮನೆಮಂದಿಗೇ ರೋಗ ತರಬಲ್ಲವು.

ರಾಗಿ ಮುದ್ದೆ ಮತ್ತು ಅದರ ಕೊರತೆ

ಬೇಯಿಸಿದ ಧಾನ್ಯವನ್ನು ನಾಯಿಯು ಚೆನ್ನಾಗಿ ಜೀರ್ಣಿಸಿಕೊಳ್ಳುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 344 ಮಿಲಿಗ್ರಾಂ ಸುಣ್ಣದಂಶವಿದ್ದು, ಅಕ್ಕಿಗಿಂತ ಬಹಳ ಹೆಚ್ಚು. ಆದರೆ ಸಸಾರಜನಕವು ಕೇವಲ 7 ಗ್ರಾಂ ಆಸುಪಾಸಿನಲ್ಲಿದೆ. ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘದ ಮಾನದಂಡದಂತೆ, ತೇವಾಂಶ ಕಳೆದ ಆಹಾರದಲ್ಲಿ ವಯಸ್ಕ ನಾಯಿಗೆ ಕನಿಷ್ಠ ಶೇ. 18, ಬೆಳೆಯುವ ಮರಿಗೆ ಶೇ. 22.5 ಸಸಾರಜನಕ ಇರಬೇಕು. ಆದುದರಿಂದ ಮುದ್ದೆಯೊಂದಿಗೆ ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಮಾಂಸ ಅಥವಾ ಮೀನು, ಮೆತ್ತಗೆ ಬೇಯಿಸಿದ ಹುರುಳಿ ಇವುಗಳಲ್ಲಿ ದೊರೆತುದನ್ನು ಸೇರಿಸಬೇಕು. ಹಾಲು ಕುಡಿದು ಭೇದಿಯಾಗುವ ನಾಯಿಗೆ ಹಾಲಿನ ಬದಲು ಸ್ವಲ್ಪ ಮೊಸರು ನೀಡಬಹುದು.

ಮಾಂಸವೊಂದನ್ನೇ ನೀಡುವುದೂ ಸರಿಯಲ್ಲ. ಅದರಲ್ಲಿ ರಂಜಕ ಹೆಚ್ಚು, ಸುಣ್ಣ ಕಡಿಮೆ ಇರುವುದರಿಂದ ಮರಿಗಳ ಮೂಳೆ ದುರ್ಬಲವಾಗುತ್ತದೆ.

ಹಸಿ ಒಳಾಂಗಗಳಿಂದ ಅಪಾಯ

ಕುರಿ, ಮೇಕೆ, ದನಗಳ ಪಿತ್ತಜನಕಾಂಗ ಮತ್ತು ಶ್ವಾಸಕೋಶಗಳಲ್ಲಿ ಕೆಲವೊಮ್ಮೆ ನೀರು ತುಂಬಿದ ಗುಳ್ಳೆಗಳು ಕಂಡುಬರುತ್ತವೆ. ಇವು ಎಕೈನೊಕಾಕಸ್ ಎಂಬ ಲಾಡಿಹುಳುವಿನ ಮರಿರೂಪವಿರುವ ಗುಳ್ಳೆಗಳಾಗಿರಬಹುದು. ನಾಯಿಯು ಇವನ್ನು ಹಸಿಯಾಗಿ ತಿಂದರೆ ಅದರ ಕರುಳಿನಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಹುಳುಗಳು ಬೆಳೆದು, ಮೊಟ್ಟೆಗಳು ಮಲದೊಂದಿಗೆ ಹೊರಬೀಳುತ್ತವೆ. ನಾಯಿ ಆರೋಗ್ಯವಾಗಿಯೇ ಕಾಣುತ್ತದೆ. ಆದರೆ ಆ ಮೊಟ್ಟೆಗಳು ಅದರ ಮೈಗೂದಲಿನಿಂದ, ತೊಳೆಯದ ಕೈ ಅಥವಾ ಸೊಪ್ಪಿನ ಮೂಲಕ ಮನುಷ್ಯರ ಹೊಟ್ಟೆ ಸೇರಿದರೆ, ಪಿತ್ತಜನಕಾಂಗ ಅಥವಾ ಶ್ವಾಸಕೋಶದಲ್ಲಿ ಗುಳ್ಳೆ ಬೆಳೆಯುತ್ತದೆ. ಇದೇ ಹೈಡಾಟಿಡ್ ರೋಗ. ವರ್ಷಗಟ್ಟಲೆ ಯಾವ ಲಕ್ಷಣವೂ ತೋರದೆ ಬೆಳೆಯುವ ಈ ಗುಳ್ಳೆಗೆ ಕೆಲವರಲ್ಲಿ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ನಾಯಿಯೊಡನೆ ಆಡುವ ಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ.

ಪಾಲಿಸಬೇಕಾದ ಕ್ರಮಗಳು:

1. ಗುಳ್ಳೆಗಳಿರುವ ಒಳಾಂಗಗಳನ್ನು ನಾಯಿಗೆ ನೀಡಲೇಬಾರದು. ಸುಡಬೇಕು ಅಥವಾ ನಾಯಿಗಳು ಕೆದಕಲಾಗದಷ್ಟು ಆಳದಲ್ಲಿ ಹೂಳಬೇಕು.
2. ಇತರ ಒಳಾಂಗಗಳನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಕನಿಷ್ಠ ಅರ್ಧ ಗಂಟೆ ಕುದಿಸಿ ನೀಡಬೇಕು.
3. ಪಶುವೈದ್ಯರ ಸಲಹೆಯಂತೆ ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಔಷಧವನ್ನು ನಿಯಮಿತವಾಗಿ ಕೊಡಿಸಬೇಕು. ಎಲ್ಲ ಜಂತುನಾಶಕಗಳೂ ಈ ಹುಳುವನ್ನು ಕೊಲ್ಲುವುದಿಲ್ಲ.
4. ನಾಯಿಯನ್ನು ಮುಟ್ಟಿದ ಮೇಲೆ ಹಾಗೂ ಊಟಕ್ಕೆ ಮುನ್ನ ಕೈಗಳನ್ನು ಸಾಬೂನಿನಿಂದ ತೊಳೆಯಬೇಕು.

ನೀಡಬಾರದ ಇತರ ಪದಾರ್ಥಗಳು

ಈರುಳ್ಳಿ ಮತ್ತು ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ನಾಶಪಡಿಸುತ್ತವೆ. ಬೇಯಿಸಿದರೂ ದೋಷ ಹೋಗುವುದಿಲ್ಲ. ಆದ್ದರಿಂದ ಮುದ್ದೆಗೆ ಮನೆಯ ಸಾರು ಬೆರೆಸುವ ಬದಲು ಒಗ್ಗರಣೆಗೆ ಮೊದಲೇ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಬೇಳೆಕಟ್ಟನ್ನು ತೆಗೆದಿಡುವುದು ಸೂಕ್ತ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಮತ್ತು ಕ್ಸೈಲಿಟಾಲ್ ಇರುವ ಸಿಹಿತಿನಿಸುಗಳು ವಿಷಕಾರಿ. ಬೇಯಿಸಿದ ಮೂಳೆ ಸೀಳಿ ಗಂಟಲು ಅಥವಾ ಕರುಳಿಗೆ ಚುಚ್ಚಬಹುದು. ಬೂಷ್ಟು ಹಿಡಿದ ಆಹಾರವನ್ನು ನೀಡಬಾರದು.

ಪ್ರಮಾಣ ಮತ್ತು ವೇಳೆ

ಎಳೆಯ ಮರಿಗಳಿಗೆ ದಿನಕ್ಕೆ ಮೂರು ನಾಲ್ಕು ಬಾರಿ, ವಯಸ್ಕ ನಾಯಿಗೆ ಎರಡು ಬಾರಿ ಆಹಾರ ನೀಡಬೇಕು. ಶುದ್ಧ ನೀರು ಸದಾ ಲಭ್ಯವಿರಬೇಕು. ಪಕ್ಕೆಲುಬುಗಳು ಕಣ್ಣಿಗೆ ಎದ್ದು ಕಾಣದೆ, ಕೈಯಾಡಿಸಿದಾಗ ಸುಲಭವಾಗಿ ತಾಕುವಂತಿದ್ದರೆ ಆಹಾರದ ಪ್ರಮಾಣ ಸರಿಯಿದೆ ಎಂದು ತಿಳಿಯಬಹುದು. ಸಿದ್ಧ ಆಹಾರ ಖರೀದಿಸುವವರು ಪೊಟ್ಟಣದ ಮೇಲೆ ಸಸಾರಜನಕದ ಪ್ರಮಾಣ, ಯಾವ ವಯಸ್ಸಿಗೆ ಸೂಕ್ತ ಹಾಗೂ ಬಳಕೆಯ ಅವಧಿಯನ್ನು ನೋಡಬೇಕು. ಆಹಾರ ಬದಲಿಸುವಾಗ ಒಂದು ವಾರದ ಅವಧಿಯಲ್ಲಿ ಹಂತಹಂತವಾಗಿ ಬದಲಿಸಬೇಕು.

ನಾಯಿಯು ಆಹಾರ ಬಿಟ್ಟಲ್ಲಿ, ಪದೇ ಪದೇ ವಾಂತಿ-ಭೇದಿ ಮಾಡಿದಲ್ಲಿ ಅಥವಾ ಮೇಲೆ ತಿಳಿಸಿದ ವಿಷಕಾರಿ ಪದಾರ್ಥ ತಿಂದಲ್ಲಿ, ಲಕ್ಷಣಗಳಿಗಾಗಿ ಕಾಯದೆ ಸಮೀಪದ ಪಶು ಚಿಕಿತ್ಸಾಲಯವನ್ನು ಸಂಪರ್ಕಿಸುವುದು.