ಪಗಡಿ ಕೊಟ್ಟ ಕೋಣೆ

ದಾದರಿನ ಚಾಳೊಂದರಲ್ಲಿ ನನ್ನ ಸೋದರಮಾವನಿಗೆ ಒಂದು ಪಗಡಿ ಕೋಣೆಯಿತ್ತು. ಊರಿನ ಗದ್ದೆ ಅಡವಿಟ್ಟು ತಂದ ದುಡ್ಡನ್ನು ಮಾಲೀಕನ ಕೈಗೆ ಕೊಟ್ಟಿದ್ದರು. 1947ರ ಕಾಯ್ದೆ ಹಳೇ ಮನೆಗಳ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತ್ತು. ಬಾಡಿಗೆಯಲ್ಲಿ ಗಿಟ್ಟದ್ದನ್ನು ಮಾಲೀಕರು ಪಗಡಿಯಲ್ಲಿ ಎತ್ತಿದರು. ಅದನ್ನು ತೆಗೆದುಕೊಳ್ಳುವುದು ಅಪರಾಧ, ಹಾಗಾಗಿ ರಶೀದಿಯಿಲ್ಲ. ಕೋಣೆ ಬಿಡುವಾಗ ಹೊಸಬನ ಪಗಡಿಯಲ್ಲಿ ಪಾಲು ಅನ್ನೋದೂ ಬರೀ ಬಾಯಿಮಾತು.

1986ರಲ್ಲಿ ಮಾವ ಊರಿಗೆ ಹೊರಟಾಗ ಮಾಲೀಕ "ಕೌನ್ಸಿ ಪಗಡಿ?" ಅಂದುಬಿಟ್ಟ. ಗದ್ದೆ ಬಿಡಿಸಿಕೊಳ್ಳಲಾಗಲಿಲ್ಲ.

ನಮ್ಮ ಕೆನರಾ ಕಡೆಯ ಸಾರಸ್ವತರು 1915ರಲ್ಲೇ ಗಾಮದೇವಿಯಲ್ಲಿ ಸಹಕಾರಿ ಗೃಹ ಸಂಘ ಕಟ್ಟಿದ್ದರು. ಅಲ್ಲಿ ಕಟ್ಟಡ ಸಂಘದ್ದು, ಸದಸ್ಯನ ಷೇರು ಪುಸ್ತಕದಲ್ಲಿ. ಪಗಡಿಗೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1999ರ ಕಾಯ್ದೆ 2000ದಲ್ಲಿ ಜಾರಿಯಾದ ಮೇಲೆ. ಮುಂಬಯಿಗೆ ಹೊರಟವರಿಗೆ ನಾನು ಹೇಳೋದಿಷ್ಟೆ: ದುಡ್ಡೆಷ್ಟು ಅಂತ ಆಮೇಲೆ ಕೇಳಿ, ಕಾಗದ ಯಾರ ಹೆಸರಲ್ಲಿ ಅಂತ ಮೊದಲು ಕೇಳಿ.